ಜ್ಯೇಷ್ಠಮಧು ದಿನವೂ ತಿನ್ನಬಹುದೇ?

ಪ್ರಶ್ನೆ: ಚೀನೀ ಕಷಾಯಗಳಲ್ಲಿ ಜ್ಯೇಷ್ಠಮಧು ಇದ್ದೇ ಇರುತ್ತದಂತೆ. ದಿನಾ ತಿಂದರೆ ಒಳ್ಳೆಯದಲ್ಲವೇ?

ಉತ್ತರ: ಅಲ್ಲ. ಗಾನ್‌ಚಾವೊ ಎಂದು ಚೀನೀಯರು ಕರೆಯುವ ಈ ಬೇರು ಹೊರಗೆ ಕಂದು, ಮುರಿದರೆ ಒಳಗೆ ನಾರುನಾರಾದ ಹಳದಿ. ಉಳಿದ ಮೂಲಿಕೆಗಳ ಉಗ್ರತೆ ತಗ್ಗಿಸುತ್ತದೆಂದು ಅಲ್ಲಿನ ವೈದ್ಯರು ಇದನ್ನು ಸೇರಿಸುತ್ತಾರೆ. ಆದರೆ ಸಿಹಿ ಕೊಡುವ ಗ್ಲಿಸಿರೈಜಿನ್ನೇ ತೊಂದರೆಯ ಮೂಲವೂ ಹೌದು. ಮೂತ್ರಪಿಂಡದಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ನಿಷ್ಕ್ರಿಯಗೊಳಿಸುವ ಕಿಣ್ವವನ್ನು ಅದು ತಡೆಯುತ್ತದೆ. ಇದರಿಂದ ಉಪ್ಪು, ನೀರು ಮೈಯಲ್ಲೇ ನಿಂತು ರಕ್ತದೊತ್ತಡ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಶತಮಾನಗಳಿಂದ ಬಳಸಿದ್ದಾರಲ್ಲ ಎನ್ನಬಹುದು. ಆದರೆ ಕಷಾಯದಲ್ಲಿ ಬೀಳುವುದು ಸಾಮಾನ್ಯವಾಗಿ ಕೆಲವೇ ಗ್ರಾಂ. ತಿಂಗಳುಗಟ್ಟಲೆ ಮನಸೋಇಚ್ಛೆ ತಿನ್ನುವುದಕ್ಕೆ ಅದು ಸಾಕ್ಷಿಯಾಗದು. ಗಂಟಲು ಕೆರೆದಾಗ ಒಂದು ಚೂರು ಅಗಿಯಿರಿ, ಸಾಕು. ಬಿಪಿ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಮುಟ್ಟಬೇಡಿ.