ಅಗಲಿದ ಗಾಯಕನಿಗೊಂದು ಗಂಟೆ

ಮನೆಯ ಹಿರಿಯನೊಬ್ಬನು ಅಕಾಲದಲ್ಲಿ ತೀರಿಕೊಂಡರೆ ಉಳಿದವರ ಮುಂದೆ ಎರಡು ಪ್ರಶ್ನೆಗಳು ನಿಲ್ಲುತ್ತವೆ. ಮನೆಯನ್ನು ಇನ್ನು ನಡೆಸುವುದು ಹೇಗೆ? ನಡೆಸಿಕೊಂಡು ಹೋದರೆ ಹೋದವನನ್ನು ಮರೆತ ದೋಷ ಬಾರದೆ? 1980ರಲ್ಲಿ ಆಸ್ಟ್ರೇಲಿಯದ ಒಂದು ಸಂಗೀತ ಮೇಳವು ಇದೇ ಪ್ರಶ್ನೆಗಳನ್ನು ಎದುರಿಸಬೇಕಾಯಿತು.

ಆ ಮೇಳದ ಹೆಸರು ಎಸಿ/ಡಿಸಿ. ವಿದ್ಯುತ್ತಿಗೆ ಸಂಬಂಧಿಸಿದ ಈ ಅಕ್ಷರಗಳು ಅಕ್ಕನ ಹೊಲಿಗೆಯ ಯಂತ್ರದ ಮೇಲಿಂದ ದೊರೆತವು! ಮ್ಯಾಲ್ಕಮ್ ಮತ್ತು ಆಂಗಸ್ ಯಂಗ್ ಎಂಬ ಅಣ್ಣತಮ್ಮಂದಿರು 1973ರಲ್ಲಿ ಸಿಡ್ನಿ ನಗರದಲ್ಲಿ ಇದನ್ನು ಕಟ್ಟಿದರು. ಗಿಟಾರಿನ ನಾದವನ್ನು ವಿದ್ಯುತ್ತಿನಿಂದ ಗುಡುಗಿನಂತೆ ಹಿಗ್ಗಿಸುವ ಹಾರ್ಡ್ ರಾಕ್ ಇವರ ಸಂಗೀತ. ಮರುವರ್ಷ ಬಂದು ಸೇರಿದ ಬಾನ್ ಸ್ಕಾಟನು ಮೇಳದ ಕಂಠವಾದನು. 1979ರ ಹೊತ್ತಿಗೆ ಕೀರ್ತಿಯು ಬಾಗಿಲಿಗೆ ಬಂದಿತ್ತು. ಅಷ್ಟರಲ್ಲಿ, 1980ರ ಫೆಬ್ರವರಿ 19ರಂದು, ಆತನು ಲಂಡನ್ನಿನಲ್ಲಿ ಅತಿಯಾದ ಮದ್ಯಪಾನದಿಂದ ಮೃತನಾದನು. ವಯಸ್ಸು ಇನ್ನೂ 33.

ಸೋದರರು ಮೇಳವನ್ನೇ ಮುಚ್ಚಿಬಿಡುವ ಯೋಚನೆಯಲ್ಲಿದ್ದರು. ನಿಲ್ಲಿಸಬೇಡಿರೆಂದು ಧೈರ್ಯ ಹೇಳಿದವರು ಮಗನನ್ನು ಕಳೆದುಕೊಂಡ ತಂದೆತಾಯಿಗಳೇ. ಬಳಿಕ ಇಂಗ್ಲೆಂಡಿನ ಬ್ರಯಾನ್ ಜಾನ್‌ಸನ್ನನಿಗೆ ಕರೆ ಹೋಯಿತು. ಹಿಂದೊಮ್ಮೆ ಬೇರೊಂದು ಮೇಳದಲ್ಲಿ ಹಾಡುತ್ತಿದ್ದ ಆತನು ಆಗ ಮೋಟಾರು ಗಾಡಿಗಳ ಮೇಲುಹೊದಿಕೆ ಹಾಕುವ ಕಸುಬಿನಿಂದ ಜೀವನ ಸಾಗಿಸುತ್ತಿದ್ದನು. ಸ್ಕಾಟನು ಈತನ ಹಾಡುಗಾರಿಕೆಯನ್ನು ಹಿಂದೆಯೇ ಮೆಚ್ಚಿ ಮಾತನಾಡಿದ್ದನೆಂದು ಆಂಗಸನು ಹೇಳಿದ್ದಾನೆ.

ಏಪ್ರಿಲ್ ತಿಂಗಳಲ್ಲಿ ಬಹಾಮಾ ದ್ವೀಪಗಳ ನಸ್ಸೌ ಪಟ್ಟಣದಲ್ಲಿ ಧ್ವನಿಮುದ್ರಣ ಆರಂಭವಾಯಿತು. ರಾಗಗಳನ್ನು ಸೋದರರು ಕಟ್ಟಿದರು. ಮಾತುಗಳ ಭಾರ ಹೊಸಬನ ಹೆಗಲಿಗೆ ಬಿತ್ತು. ಹೋದವನನ್ನು ಕುರಿತ ಹಾಡು ಗೋಳಾಟವಾಗಕೂಡದು, ಸಂಭ್ರಮದಿಂದ ನೆನೆಯುವಂತಿರಬೇಕು ಎಂಬುದು ಅವರ ಅಪೇಕ್ಷೆ. ದ್ವೀಪದ ಮೇಲೆ ಬಿರುಗಾಳಿಯೂ ಗುಡುಗೂ ಎದ್ದ ಒಂದು ರಾತ್ರಿ, ಆ ಆರ್ಭಟವೇ ಮೊದಲ ಹಾಡಿನ ಮಾತಾಗಿ ಇಳಿಯಿತು.

ಆ ಹಾಡಿನ ಆದಿಯಲ್ಲಿ ಒಂದು ದೊಡ್ಡ ಗಂಟೆ ಮೆಲ್ಲಮೆಲ್ಲನೆ ಮೊಳಗುತ್ತದೆ. ಈ ನಾದಕ್ಕಾಗಿ ಇಂಗ್ಲೆಂಡಿನ ಲಫ್‌ಬರೋ ಊರಿನ ಗಂಟೆಗೋಪುರವೊಂದಕ್ಕೆ ಹೋದರೆ, ಪ್ರತಿ ಹೊಡೆತಕ್ಕೂ ಹಕ್ಕಿಗಳು ಹಾರಿ ರೆಕ್ಕೆಯ ಸದ್ದು ಬೆರೆಯಿತು. ಕೊನೆಗೆ ಅದೇ ಊರಿನ ಗಂಟೆ ಎರಕಹೊಯ್ಯುವ ಕಾರ್ಖಾನೆಯಲ್ಲಿಯೇ ನಾದವನ್ನು ಹಿಡಿದರು. ಜುಲೈ 25ರಂದು ‘ಬ್ಯಾಕ್ ಇನ್ ಬ್ಲ್ಯಾಕ್’ ಹೊರಬಂದಿತು. ಹೊದಿಕೆಯೆಲ್ಲ ಸೂತಕದ ಕಪ್ಪು. ಒಳಗೆ ಮಾತ್ರ ಪೂರ್ಣ ಉತ್ಸಾಹ.

ಇದರ ಹಾಡುಗಳೆಲ್ಲ ಮನೆಮಂದಿಯ ನಡುವೆ ಹಾಡತಕ್ಕವೆಂದು ನಾವು ಹೇಳಲಾರೆವು. ಆದರೂ ಜಗತ್ತಿನಲ್ಲಿ ಸುಮಾರು 5 ಕೋಟಿ ಪ್ರತಿಗಳು ಮಾರಾಟವಾಗಿವೆಯೆಂಬ ಅಂದಾಜಿದೆ. ಜಾನ್‌ಸನ್ನನು ಸ್ಕಾಟನ ಕಂಠವನ್ನು ಅನುಕರಿಸಲಿಲ್ಲ. ತನ್ನ ಕಂಠದಿಂದಲೇ ಆತನಿಗೆ ಗೌರವ ಸಲ್ಲಿಸಿದನು.

2014ರಲ್ಲಿ ಮ್ಯಾಲ್ಕಮನು ಅಸ್ವಸ್ಥನಾಗಿ ಮೇಳವನ್ನು ಬಿಟ್ಟಾಗ ಆತನ ಅಣ್ಣನ ಮಗ ಸ್ಟೀವಿಯು ಆ ಸ್ಥಾನದಲ್ಲಿ ಗಿಟಾರು ಹಿಡಿದನು. 2017ರಲ್ಲಿ ಮ್ಯಾಲ್ಕಮನೂ ತೀರಿಕೊಂಡನು. 2020ರ ಹೊಸ ಸಂಪುಟವನ್ನು ಅವರು ಆತನ ನೆನಪಿಗೆ ಅರ್ಪಿಸಿದರು.