ನಮ್ಮ ನಡುಗಡ್ಡೆ ಜಲದುರ್ಗ

ದ್ವೀಪ ಪ್ರವಾಸವೆಂದರೆ ಮೆಡಿಟರೇನಿಯನ್ ಸಮುದ್ರದ ಮಾಲ್ಟಾದಂಥ ಸ್ಥಳಗಳು ನೆನಪಾಗುತ್ತವೆ. ಅಲ್ಲಿ ಸಮುದ್ರವೇ ಕೋಟೆಯ ಕಂದಕ. ರಾಯಚೂರು ಜಿಲ್ಲೆಯಲ್ಲಿ ಆ ಕೆಲಸವನ್ನು ಕೃಷ್ಣಾ ನದಿ ಮಾಡಿದೆ.

ಸಿಂಧನೂರಿನಿಂದ ಹೊರಟವರು ಮೊದಲು ಮಸ್ಕಿಯಲ್ಲಿ ಇಳಿಯಬೇಕು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಂಡ ಬಂಡೆಶಾಸನ ಇಲ್ಲಿದೆ. ಬೇರೆಡೆ ಬಿರುದುಗಳಿಂದಷ್ಟೇ ಗೊತ್ತಿದ್ದ ‘ದೇವಾನಾಂಪ್ರಿಯ’ ಅಶೋಕನೇ ಎಂದು ಮೊದಲು ಖಚಿತಪಡಿಸಿದ್ದು ಈ ಶಾಸನ.

ಲಿಂಗಸುಗೂರು ದಾಟಿ ಉತ್ತರಕ್ಕೆ ಹೋದರೆ ಕೃಷ್ಣೆ ಕವಲೊಡೆಯುತ್ತದೆ. ನಡುವಿನ ನಡುಗಡ್ಡೆಯಲ್ಲಿ ಜಲದುರ್ಗದ ಕೋಟೆ. ಕೃಷ್ಣಾ ತುಂಗಭದ್ರೆಗಳ ನಡುವಿನ ಈ ಫಲವತ್ತಾದ ದೋಆಬ್ ಪ್ರದೇಶಕ್ಕಾಗಿ ವಿಜಯನಗರ, ಬಿಜಾಪುರಗಳು ತಲೆಮಾರುಗಳ ಕಾಲ ಕಾದಾಡಿದವು. 1565ರ ಜನವರಿಯಲ್ಲಿ ವಿಜಯನಗರ ಸೋತ ಮೇಲೆ ಇದು ಬಿಜಾಪುರದ ಪಾಲಾಯಿತು. ಸ್ವಾರಸ್ಯವೆಂದರೆ, ಅದೇ ವರ್ಷದ ಮೇ ತಿಂಗಳಲ್ಲಿ ತುರ್ಕರು ಮಾಲ್ಟಾಕ್ಕೆ ಮುತ್ತಿಗೆ ಹಾಕಿ, ಸೆಪ್ಟೆಂಬರಿನಲ್ಲಿ ಬರಿಗೈಯಲ್ಲಿ ಮರಳಿದರು.

ಇಲ್ಲಿನ ನಡುಗಡ್ಡೆಗಳಲ್ಲಿ ಇಂದಿಗೂ ಜನರಿದ್ದಾರೆ. ನಾರಾಯಣಪುರ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಶೀಲಹಳ್ಳಿ ಸೇತುವೆ ಮುಳುಗಿ, ಊರುಗಳ ಸಂಪರ್ಕವೇ ಕಡಿದುಹೋದದ್ದುಂಟು. ಅಂಥ ದಿನಗಳಲ್ಲಿ ಬಾಣಂತಿಯರಿಗೂ ಶಾಲೆಯ ಮಕ್ಕಳಿಗೂ ದಾರಿ ಯಾವುದು? ಕೋಟೆ ನೋಡಿದ ಮೇಲೆ ಅಲ್ಲಿಯವರನ್ನೇ ಕೇಳಿ. ಮಳೆಗಾಲ ಮುಗಿದು ಹೊಳೆ ಇಳಿದ ನಂತರ, ಲಿಂಗಸುಗೂರಿನಲ್ಲಿ ದಾರಿ ವಿಚಾರಿಸಿಕೊಂಡೇ ಹೊರಡಿ.