ಎರಡು ಗೆರೆಗಳ ಪಾಠ

ವಿಜಯಪುರ ಜಿಲ್ಲೆಯ ಆಲಮೇಲದಂಥ ಊರಿನ ತರುಣನಿಗೆ ಗಣಿತ, ಭೌತವಿಜ್ಞಾನಗಳ ಸಂಶೋಧನೆ ದೂರದ ಮಾತೆನಿಸಬಹುದು. ಆದರೆ ಗೋಕಾಕ ಸೀಮೆಯ ಮಮದಾಪುರದಲ್ಲಿ ಜನಿಸಿದ ಡಿ. ಸಿ. ಪಾವಟೆಯವರು ಕೇಂಬ್ರಿಜ್‌ನಲ್ಲಿ ಗಣಿತ ಕಲಿತು, 1954ರಿಂದ 1967ರವರೆಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿದ್ದರು.

ಅಭ್ಯಾಸಕ್ಕೂ ಸಂಶೋಧನೆಗೂ ಭೇದವೇನು? ಅಭ್ಯಾಸದಲ್ಲಿ ಉತ್ತರವು ಪುಸ್ತಕದಲ್ಲಿರುತ್ತದೆ. ಸಂಶೋಧನೆಯಲ್ಲಿ ಪ್ರಶ್ನೆಯನ್ನೂ ನಾವೇ ಕಂಡುಕೊಳ್ಳಬೇಕು. ಸೋಡಿಯಂ ದೀಪದ ಹಳದಿ ಬೆಳಕನ್ನು ರೋಹಿತದರ್ಶಕದಲ್ಲಿ ಸೂಕ್ಷ್ಮವಾಗಿ ನೋಡಿದರೆ ಎರಡು ಗೆರೆಗಳು ತೋರುತ್ತವೆ. ಅವುಗಳ ತರಂಗದೂರ 589.0 ಮತ್ತು 589.6 ನ್ಯಾನೋಮೀಟರ್. ಎರಡೇಕೆ? ಎಲೆಕ್ಟ್ರಾನಿಗೆ ಸ್ವಭ್ರಮಣವಿದೆಯೆಂದು 1925ರಲ್ಲಿ ಊಲೆನ್‌ಬೆಕ್ ಮತ್ತು ಗೌಡ್‌ಸ್ಮಿಟ್ ಸೂಚಿಸಿದರು. 1928ರಲ್ಲಿ ಅದೇ ಕೇಂಬ್ರಿಜ್‌ನ ಡಿರಾಕ್ ರಚಿಸಿದ ಸಮೀಕರಣದಿಂದ ಆ ಗುಣ ತಾನಾಗಿಯೇ ಹೊರಬಿತ್ತು.

ಪ್ರಯೋಗ ಅಳೆದು ತೋರಿಸಿದುದಕ್ಕೆ ಗಣಿತ ಕಾರಣ ಹೇಳಿತು. ಒಂದೇ ಗೆರೆಯೆಂದು ತೃಪ್ತನಾಗದೆ ಮತ್ತೊಮ್ಮೆ ನೋಡುವವನೇ ಸಂಶೋಧಕ. ಆ ಗುಣಕ್ಕೆ ಊರಿನ ಹಂಗಿಲ್ಲ.